ದಿನ ಬಿಟ್ಟು ದಿನ ತಲೆನೋವು: ದೀರ್ಘಕಾಲದ ಮೈಗ್ರೇನ್‌ಗೆ ಯಾವ ಔಷಧ, ಯಾರಿಗೆ?

ವಾಂತಿಯಾದ ಮೇಲೆ ನೋವು ಇಳಿಯಿತು, ಹಾಗಾದರೆ ಇದು ಪಿತ್ತವೇ ಎಂದು ನಮ್ಮ ಮನೆಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಶುರುವಾಗುತ್ತದೆ. ಅದಾದ ಮೇಲೆ ಕನ್ನಡಕದ ನಂಬರ್ ನೋಡಿಸುತ್ತಾರೆ, ಸೈನಸ್ ಇರಬಹುದೆಂದು ಎಕ್ಸ್‌ರೇ ತೆಗೆಸುತ್ತಾರೆ. ಹೀಗೆ ವರ್ಷಗಳೇ ಕಳೆಯುತ್ತವೆ. ನಿಜವಾಗಿ ಹೊಟ್ಟೆ ತೊಳಸುವುದು, ಬೆಳಕು ಕಂಡರಾಗದಿರುವುದು, ಕುಕ್ಕರ್ ಕೂಗಿದರೂ ತಾಳಲಾಗದಿರುವುದು, ಮೆಟ್ಟಿಲು ಹತ್ತಿದರೆ ತಲೆ ಮತ್ತಷ್ಟು ಸಿಡಿಯುವುದು, ಇವೆಲ್ಲ ಮೈಗ್ರೇನಿನ ಲಕ್ಷಣಗಳೇ. ಕಾಯಿಲೆ ಇರುವುದು ಮಿದುಳಿನ ನೋವಿನ ನರಗಳಲ್ಲಿ, ಹೊಟ್ಟೆಯಲ್ಲಲ್ಲ.

ನಿಮ್ಹಾನ್ಸ್ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮೈಗ್ರೇನ್ ಕಾಡಿದವರು ಅದರಲ್ಲಿ ನೂರಕ್ಕೆ 25. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿದ್ದವರು ನೂರಕ್ಕೆ 3. ಅಪರೂಪಕ್ಕೊಮ್ಮೆ ಬರುವ ನೋವಿಗೆ ಹೇಳುವ ಸಲಹೆ ಈ ಮೂವರಿಗೆ ಸಾಲದು, ಎಷ್ಟೋ ಸಲ ಅದೇ ಸಲಹೆ ಅವರಿಗೆ ತಿರುಗುಬಾಣವಾಗುತ್ತದೆ. ಈ ಬರಹ ಅವರಿಗಾಗಿ.

ಆಯ್ಕೆಗೆ ಹೋಗುವ ಮುನ್ನ ಕೆಲವು ತಲೆನೋವುಗಳನ್ನು ಬೇರೆ ಇಡಬೇಕು. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರಿದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಮಲಗಿದರೆ ಅಥವಾ ಕೆಮ್ಮಿದರೆ ಜಾಸ್ತಿಯಾಗುವ ನೋವು. ಇವಕ್ಕೆ ಮನೆಯಲ್ಲಿ ಕಾಯುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು. ಬಾಣಂತಿಗೆ ಹೊಸದಾಗಿ ಶುರುವಾದ ತಲೆನೋವೂ ಇದೇ ಸಾಲಿಗೆ ಸೇರುತ್ತದೆ. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ನಮ್ಮಲ್ಲಿ ಬಾಣಂತಿಯರಲ್ಲಿ ಕಾಣಿಸುವಂಥದ್ದು, ಬಾಣಂತನದಲ್ಲಿ ನೀರು ಕುಡಿಯಲು ಬಿಡದಿರುವ ಪದ್ಧತಿ ಅದನ್ನು ಹೆಚ್ಚಿಸಬಹುದು.

ಮೊದಲು ಎಣಿಕೆ, ಆಮೇಲೆ ಮಾತ್ರೆ

ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದ್ದರೆ ವೈದ್ಯರು ಅದನ್ನು ಕ್ರಾನಿಕ್ ಮೈಗ್ರೇನ್ ಎನ್ನುತ್ತಾರೆ. ‘ದಿನಾ ಇರುತ್ತೆ ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಚಿಕಿತ್ಸೆ ಸರಿಯಾಗಿ ಕೂರುವುದಿಲ್ಲ. ಗೋಡೆಯ ಕ್ಯಾಲೆಂಡರ್ ಒಂದಿದ್ದರೆ ಸಾಕು. ರಾತ್ರಿ ಮಲಗುವ ಮುನ್ನ ಆ ದಿನದ ಚೌಕದಲ್ಲಿ ಒಂದು ಅಂಕಿ ಬರೆಯಿರಿ. ನೋವಿದ್ದರೂ ಕೆಲಸ ನಡೆಯಿತು ಎಂದರೆ 1, ಕೆಲಸ ಅರ್ಧಕ್ಕೆ ನಿಂತಿತು ಎಂದರೆ 2, ಕತ್ತಲೆ ಕೋಣೆಯಲ್ಲಿ ಮಲಗಬೇಕಾಯಿತು ಎಂದರೆ 3. ನೋವಿನ ಮಾತ್ರೆ ನುಂಗಿದ ದಿನ ಪಕ್ಕದಲ್ಲಿ ‘ಮಾ’. ಹೆಣ್ಣುಮಕ್ಕಳು ಮುಟ್ಟಿನ ಮೊದಲ ದಿನಕ್ಕೊಂದು ಸುತ್ತು ಹಾಕಿಕೊಳ್ಳಿ. ಇಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ಹೊರಟರೆ ಹತ್ತೇ ದಿನಕ್ಕೆ ಬಿಟ್ಟುಹೋಗುತ್ತದೆ.

ತಿಂಗಳ ಕೊನೆಗೆ ಕೂಡಿಸಿದಾಗ ತಲೆನೋವಿನ ದಿನ 19, ಅದರಲ್ಲಿ 3 ಬಿದ್ದದ್ದು 6 ದಿನ, ‘ಮಾ’ ಬಿದ್ದದ್ದು 14 ದಿನ ಎಂದುಕೊಳ್ಳೋಣ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ 14. ನುಂಗಿದ್ದು ಬರೀ ಪ್ಯಾರಸಿಟಮಾಲ್ ಅಥವಾ ನ್ಯಾಪ್ರಾಕ್ಸೆನ್ ಆಗಿದ್ದರೆ ಅಪಾಯದ ಗೆರೆ 15 ದಿನ, ನೀವು ಅದರ ಅಂಚಿನಲ್ಲಿದ್ದೀರಿ. ಹಲವು ಔಷಧ ಸೇರಿಸಿದ ಮಿಶ್ರ ಮಾತ್ರೆ, ಮೈಗ್ರೇನ್ ದಾಳಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಎರ್ಗೊಟಮಿನ್, ಇಲ್ಲವೇ ಟ್ರಮಡಾಲ್ ಆಗಿದ್ದರೆ ಗೆರೆ 10 ದಿನ, ನೀವು ಅದನ್ನು ದಾಟಿಯಾಗಿದೆ. ಸಾರಿಡಾನ್‌ನಲ್ಲಿ ಪ್ಯಾರಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಇವೆ. ವ್ಯಾಸೋಗ್ರೇನ್‌ನಲ್ಲಿ ಎರ್ಗೊಟಮಿನ್, ಕೆಫೀನ್, ಪ್ಯಾರಸಿಟಮಾಲ್, ಪ್ರೊಕ್ಲೋರ್‌ಪೆರಜಿನ್ ನಾಲ್ಕಿವೆ. ಎರಡಕ್ಕೂ 10 ದಿನದ ಲೆಕ್ಕವೇ. ಒಂದು ದಿನದಲ್ಲಿ ಎಷ್ಟು ಮಾತ್ರೆ ಎಂಬುದಕ್ಕಿಂತ ತಿಂಗಳಲ್ಲಿ ಎಷ್ಟು ದಿನ ಎಂಬುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಈ ಗೆರೆ ದಾಟಿ ಮೂರು ತಿಂಗಳಾದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ಬೆಳಿಗ್ಗೆ ಏಳುವಾಗಲೇ ಮಂದ ನೋವು, ಮಾತ್ರೆಗೆ ಎರಡು ಗಂಟೆ ಬಿಡುವು, ಸಂಜೆಗೆ ಮತ್ತೆ ಅದೇ. ಇದರಲ್ಲಿ ರೋಗಿಯ ತಪ್ಪೇನೂ ಇಲ್ಲ. ಮರುದಿನ ಆಫೀಸಿಗೆ ಹೋಗಲೇಬೇಕಾದವರು ಇನ್ನೇನು ಮಾಡಿಯಾರು?

ಹೊರಬರುವ ದಾರಿ ಎರಡು. ಒಂದು, ನೋವಿನ ಮಾತ್ರೆಯನ್ನು ಪೂರ್ತಿ ನಿಲ್ಲಿಸಿ ಜೊತೆಗೇ ತಡೆ ಔಷಧ, ಅಂದರೆ ದಾಳಿಯೇ ಬಾರದಂತೆ ದಿನಾ ತೆಗೆದುಕೊಳ್ಳುವ ಔಷಧ, ಶುರುಮಾಡುವುದು. ಇನ್ನೊಂದು, ನೋವಿನ ಮಾತ್ರೆಯನ್ನು ಹಾಗೇ ಮುಂದುವರಿಸಿ ತಡೆ ಔಷಧ ಹಿಡಿಸುತ್ತಾ ಬಂದು, ದಾಳಿ ಕಮ್ಮಿಯಾದಂತೆ ಮಾತ್ರೆ ತಾನಾಗಿ ಇಳಿಯಲು ಬಿಡುವುದು. ಅಮೆರಿಕದಲ್ಲಿ ಇಂಥವೇ ಎರಡು ದಾರಿಗಳನ್ನು ಹೋಲಿಸಿ (ಅಲ್ಲಿ ಮೊದಲ ಗುಂಪಿನವರು ಹಳೇ ಮಾತ್ರೆ ಬಿಟ್ಟು ಬೇರೊಂದನ್ನು ವಾರಕ್ಕೆ ಎರಡು ದಿನ ಮೀರದಂತೆ ಬಳಸಿದ್ದರು) 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೂರು ತಿಂಗಳ ನಂತರದ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾಗಿ ಧೈರ್ಯವಿದ್ದವರು ಮೊದಲ ದಾರಿ ಹಿಡಿಯಲಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾ ಕೆಲಸಕ್ಕೂ ಹೋಗುವವರಿಗೆ ಎರಡನೆಯದೇ ವಾಸಿ. ಪೂರ್ತಿ ನಿಲ್ಲಿಸುವುದಾದರೆ ಮೊದಲ ವಾರ ನೋವು ಏರುತ್ತದೆ ಎಂಬುದನ್ನು ಮನೆಯವರಿಗೆ ಮುಂಚೆಯೇ ಹೇಳಿಡಿ. ಟ್ರಿಪ್ಟಾನ್ ಬಿಟ್ಟವರಿಗೆ ಸುಮಾರು 4 ದಿನ, ಎರ್ಗೊಟಮಿನ್ ಬಿಟ್ಟವರಿಗೆ ಒಂದು ವಾರ, ಸಾಮಾನ್ಯ ನೋವಿನ ಮಾತ್ರೆ ಬಿಟ್ಟವರಿಗೆ 9–10 ದಿನ ಕಷ್ಟ. ಈ ದಿನಗಳನ್ನು ದಾಟಿಸಲು ತಲೆಯ ಹಿಂಬದಿಯ ಆಕ್ಸಿಪಿಟಲ್ ನರಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಡುವುದುಂಟು. ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ, ಕೆಲವರಿಗೆ ವಾರಗಟ್ಟಲೆ ಬಿಡುವು ಸಿಗುತ್ತದೆ. ಟ್ರಮಡಾಲ್, ಕೊಡೀನ್ ಮಾತ್ರ ದಿಢೀರನೆ ನಿಲ್ಲಿಸಬಾರದು, ವೈದ್ಯರ ಕೈಯಲ್ಲೇ ಇಳಿಸಬೇಕು.

ತಡೆ ಮಾತ್ರೆಗಳು: ಯಾರ ಮೈಗೆ ಯಾವುದು

‘ಇವುಗಳಲ್ಲಿ ಯಾವುದು ಪವರ್‌ಫುಲ್?’ ಎಂದು ಎಲ್ಲರೂ ಕೇಳುತ್ತಾರೆ. ಬಾಯಿಂದ ತೆಗೆದುಕೊಳ್ಳುವ ತಡೆ ಔಷಧಗಳ ನಡುವೆ ಬಲದ ಅಂತರ ಅಷ್ಟೇನೂ ಇಲ್ಲ. ಅಡ್ಡಪರಿಣಾಮದ ಅಂತರ ಮಾತ್ರ ಬಹಳ. ಆದ್ದರಿಂದ ನಿಮಗೆ ಮೈಗ್ರೇನ್ ಜೊತೆ ಇನ್ನೇನಿದೆ ಎಂಬುದನ್ನು ನೋಡಿ ಆರಿಸಬೇಕು.

ಬಿಪಿ ಸ್ವಲ್ಪ ಮೇಲಿದ್ದು ಎದೆ ಢವಗುಟ್ಟುವವರಿಗೆ ಪ್ರೊಪ್ರನೊಲಾಲ್ ಚೆನ್ನಾಗಿ ಒಗ್ಗುತ್ತದೆ. 20 ಅಥವಾ 40 ಮಿಲಿಗ್ರಾಂನಿಂದ ಶುರುಮಾಡಿ ದಿನಕ್ಕೆ 80ರಿಂದ 160ಕ್ಕೆ ಏರಿಸುತ್ತಾರೆ. ಉಬ್ಬಸ ಇದ್ದವರಿಗೆ ಇದು ಬೇಡವೇ ಬೇಡ. ನಾಡಿ ನಿಧಾನವಿರುವವರಿಗೂ ಬೇಡ. ಕೈಕಾಲು ತಣ್ಣಗಾಗುವುದು, ಸುಸ್ತು, ಮೆಟ್ಟಿಲೇರುವಾಗ ಏದುಸಿರು ಸಾಮಾನ್ಯ. ದೆಹಲಿಯ ಜಿ.ಬಿ. ಪಂತ್ ಸಂಸ್ಥೆಯವರು ಕ್ರಾನಿಕ್ ಮೈಗ್ರೇನ್ ಇರುವವರಲ್ಲಿ ದಿನಕ್ಕೆ 160 ಮಿಲಿಗ್ರಾಂ ಪ್ರೊಪ್ರನೊಲಾಲನ್ನು 100 ಮಿಲಿಗ್ರಾಂ ಟೊಪಿರಮೇಟ್ ಜೊತೆ ಹೋಲಿಸಿದಾಗ ಪ್ರೊಪ್ರನೊಲಾಲ್ ಹಿಂದೆ ಬೀಳಲಿಲ್ಲ. ಅಗ್ಗದ ಹಳೇ ಮಾತ್ರೆ ಎಂದು ತಾತ್ಸಾರ ಮಾಡುವವರು ಇದನ್ನು ಗಮನಿಸಬೇಕು.

ನಿದ್ದೆ ಬಾರದವರಿಗೆ, ಕುತ್ತಿಗೆ–ಭುಜವೆಲ್ಲ ನೋಯುವವರಿಗೆ ಅಮಿಟ್ರಿಪ್ಟಿಲಿನ್. ರಾತ್ರಿ 10 ಮಿಲಿಗ್ರಾಂ, ಒಂದೆರಡು ವಾರಕ್ಕೆ 10ರಂತೆ ಏರಿಸಿ 25–50ರವರೆಗೆ. ಮಲಗುವ ಹೊತ್ತಿಗೆ ನುಂಗಿದರೆ ಬೆಳಿಗ್ಗೆ ಹತ್ತರವರೆಗೂ ಮಂಪರು ಬಿಡುವುದಿಲ್ಲ, ರಾತ್ರಿ ಎಂಟಕ್ಕೇ ನುಂಗಿಬಿಡಿ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ತೂಕ ಏರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಹೃದಯ ಬಡಿತದ ಏರುಪೇರು ಇದ್ದವರು ಮೊದಲೇ ಹೇಳಬೇಕು. ಇದು ಡಿಪ್ರೆಶನ್ ಮಾತ್ರೆಯಂತೆ ಎಂದು ಅಂಗಡಿಯವರೋ ನೆಂಟರೋ ಹೇಳಿದ ಮಾತಿಗೆ ಹೆದರಿ ಬಿಟ್ಟವರು ಬಹಳ. ಡಿಪ್ರೆಶನ್‌ಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಡೋಸ್ ಬೇಕು. ಇಲ್ಲಿ ಕೊಡುವುದು ನೋವಿನ ನರಗಳಿಗೆ.

ತೂಕ ಏರಬಾರದು ಎನ್ನುವವರಿಗೆ ಟೊಪಿರಮೇಟ್. ಕ್ರಾನಿಕ್ ಮೈಗ್ರೇನ್‌ನಲ್ಲೇ ಪರೀಕ್ಷೆಗೊಳಗಾಗಿ ಗೆದ್ದ ಮಾತ್ರೆ ಇದು. ರಾತ್ರಿ 25 ಮಿಲಿಗ್ರಾಂ ಒಂದು ವಾರ, ಆಮೇಲೆ ಬೆಳಿಗ್ಗೆ 25 ರಾತ್ರಿ 25, ಮೂರನೇ ವಾರ ಬೆಳಿಗ್ಗೆ 25 ರಾತ್ರಿ 50, ನಾಲ್ಕನೇ ವಾರಕ್ಕೆ 50–50. ಅವಸರ ಮಾಡಿದರೆ ಬೆರಳ ತುದಿ ಜುಮುಗುಟ್ಟುತ್ತದೆ, ನಾಲಿಗೆ ತುದಿಯಲ್ಲಿರುವ ಪದ ಸಿಗುವುದಿಲ್ಲ. ಪಾಠ ಹೇಳುವವರಿಗೆ, ಕೋರ್ಟಿನಲ್ಲಿ ವಾದಿಸುವವರಿಗೆ, ದಿನವಿಡೀ ಫೋನಿನಲ್ಲಿ ಮಾತಾಡುವವರಿಗೆ ಇದು ದೊಡ್ಡ ತೊಂದರೆ, ಅಂಥವರಿಗೆ ಇದು ಮೊದಲ ಆಯ್ಕೆಯಾಗಬಾರದು ಎಂದು ನಮ್ಮ ಅಭಿಪ್ರಾಯ. ಕಿಡ್ನಿ ಕಲ್ಲು ಆಗಿದ್ದವರಿಗೆ ಬೇಡ. ಉಳಿದವರೂ ಚೆನ್ನಾಗಿ ನೀರು ಕುಡಿಯಬೇಕು. ಶುರುಮಾಡಿದ ಮೊದಲ ವಾರಗಳಲ್ಲಿ ಕಣ್ಣು ಕೆಂಪಾಗಿ ನೋವಿನೊಡನೆ ದೃಷ್ಟಿ ಮಂಜಾದರೆ ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು.

ನಮ್ಮಲ್ಲಿ ಕೈಬಿಚ್ಚಿ ಬರೆದುಕೊಡುವ ಇನ್ನೊಂದು ಮಾತ್ರೆ ಫ್ಲೂನಾರಿಜಿನ್, ರಾತ್ರಿ 5ರಿಂದ 10 ಮಿಲಿಗ್ರಾಂ. ಒಗ್ಗಿದವರಿಗೆ ನೆಮ್ಮದಿ ಕೊಡುತ್ತದೆ. ಮೂರರಿಂದ ಆರು ತಿಂಗಳಿಗೆ ನಿಲ್ಲಿಸಬೇಕಾದ ಇದನ್ನು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವುದು ತಪ್ಪು. ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ, ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ನಿಧಾನವಾಗುವುದೂ ಉಂಟು. ಮೊದಲೇ ಖಿನ್ನತೆ ಇದ್ದವರು ಇದರ ತಂಟೆಗೆ ಹೋಗದಿರುವುದು ಲೇಸು. ಕ್ಯಾಂಡೆಸಾರ್ಟಾನ್ 8ರಿಂದ 16 ಮಿಲಿಗ್ರಾಂ ಬಿಪಿ ಮಾತ್ರೆ, ಉಬ್ಬಸದವರಿಗೂ ಸಲ್ಲುತ್ತದೆ, ಅಡ್ಡಪರಿಣಾಮ ಕಡಿಮೆ. ನಮ್ಮ ವೈದ್ಯರು ಇದನ್ನು ಇನ್ನಷ್ಟು ಬಳಸಬಹುದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಗರ್ಭ ನಿಲ್ಲುವ ಸಾಧ್ಯತೆ ಇರುವವರಿಗೆ ವಾಲ್ಪ್ರೊಯೇಟ್ ಎಂಬ ಇನ್ನೊಂದು ತಡೆ ಮಾತ್ರೆಯನ್ನು ಕೊಡಲೇಬಾರದು, ಮಗುವಿಗೆ ತೀವ್ರ ಹಾನಿ. ಟೊಪಿರಮೇಟ್, ಕ್ಯಾಂಡೆಸಾರ್ಟಾನ್ ಕೂಡ ಗರ್ಭಿಣಿಗೆ ಸಲ್ಲವು. ಮದುವೆ, ಮಗುವಿನ ಯೋಚನೆ ಇದ್ದರೆ ಕೇಳದಿದ್ದರೂ ವೈದ್ಯರಿಗೆ ಹೇಳಿಬಿಡಿ. ತಲೆನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಮಿಂಚು ಕಾಣುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

‘ಎಲ್ಲ ಮಾತ್ರೆ ತಿಂದಾಯ್ತು, ಏನೂ ಆಗ್ಲಿಲ್ಲ’

ಈ ಮಾತು ಹೇಳುವವರ ಹಳೇ ಚೀಟಿಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಪ್ರೊಪ್ರನೊಲಾಲ್ 20 ಮಿಲಿಗ್ರಾಂ, ಮೂರು ವಾರ. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ಹದಿನೈದು ದಿನ. ಟೊಪಿರಮೇಟ್ 25, ಒಂದು ಸ್ಟ್ರಿಪ್. ಇವು ಸೋತ ಔಷಧಗಳಲ್ಲ, ಶುರುವೇ ಆಗದ ಔಷಧಗಳು. ಕೆಲಸ ಮಾಡುವ ಡೋಸ್ ಮುಟ್ಟಿದ ಮೇಲೆ ಕನಿಷ್ಠ 8 ವಾರ ಕಳೆಯದೆ ಯಾವ ತಡೆ ಮಾತ್ರೆಯನ್ನೂ ಕೆಲಸಕ್ಕೆ ಬಾರದ್ದು ಎನ್ನುವಂತಿಲ್ಲ. ತಡೆ ಮಾತ್ರೆ ಅಂದಿನ ನೋವನ್ನು ಇಳಿಸುವುದಿಲ್ಲ, ಕ್ಯಾಲೆಂಡರಿನ ಅಂಕಿಗಳನ್ನು ನಿಧಾನಕ್ಕೆ ಇಳಿಸುತ್ತದೆ. 19 ದಿನ 12ಕ್ಕೆ ಬಂದರೆ, 3ರ ದಿನಗಳು 6ರಿಂದ 2ಕ್ಕೆ ಬಂದರೆ ಅದು ಗೆಲುವು. ಕ್ಯಾಲೆಂಡರ್ ಇಲ್ಲದವರಿಗೆ ಈ ಇಳಿಕೆ ಕಣ್ಣಿಗೇ ಬೀಳುವುದಿಲ್ಲ, ‘ಇನ್ನೂ ಬರ್ತಾನೇ ಇದೆ’ ಎಂದು ಒಳ್ಳೆಯ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ.

ವೈದ್ಯರನ್ನು ಬದಲಿಸಿದಾಗ ಹೊಸಬರು ಮತ್ತೆ ಮೊದಲಿನಿಂದ ಶುರುಮಾಡುವುದನ್ನು ತಪ್ಪಿಸಲು ಒಂದೇ ಹಾಳೆಯಲ್ಲಿ ಬರೆದಿಡಿ: ಮಾತ್ರೆಯ ಹೆಸರು, ಮುಟ್ಟಿದ ಗರಿಷ್ಠ ಡೋಸ್, ಎಷ್ಟು ವಾರ, ಯಾಕೆ ಬಿಟ್ಟಿರಿ. ಎಂಆರ್‌ಐ ಫಿಲಂಗಿಂತ ಈ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೊಟಾಕ್ಸೋ, ಸಿಜಿಆರ್‌ಪಿ ಇಂಜೆಕ್ಷನ್ನೋ?

ಎರಡು ಮೂರು ಮಾತ್ರೆಗಳು ಸರಿಯಾದ ಡೋಸ್‌ನಲ್ಲೂ ಕೈಕೊಟ್ಟಾಗ, ಅಥವಾ ಅಡ್ಡಪರಿಣಾಮ ತಾಳಲಾಗದಿದ್ದಾಗ ಈ ಎರಡರ ಮಾತು ಬರುತ್ತದೆ.

ಸ್ನಾಯು ಸಡಿಲಿಸುವ ಚುಚ್ಚುಮದ್ದಾದ ಬೊಟಾಕ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕ್ರಾನಿಕ್ ಮೈಗ್ರೇನ್‌ಗೆಂದು ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಸುಕ್ಕು ತೆಗೆಯಲು ಹಣೆಗೆ ನಾಲ್ಕು ಚುಚ್ಚುವ ಸೌಂದರ್ಯ ಚಿಕಿತ್ಸೆ ಇದಲ್ಲ. ಒಟ್ಟು 155 ಯೂನಿಟ್, 31 ಜಾಗ, ಒಂದೊಂದು ಜಾಗಕ್ಕೆ 5 ಯೂನಿಟ್. ಹುಬ್ಬುಗಳ ನಡುವೆ ಒಂದು, ಎರಡೂ ಹುಬ್ಬಿನ ಒಳತುದಿಗೆ ಎರಡು, ಹಣೆಗೆ ನಾಲ್ಕು, ಕಿವಿಯ ಮೇಲಿನ ಕಣತಲೆಗೆ ಎರಡೂ ಬದಿ ಸೇರಿ ಎಂಟು, ತಲೆಯ ಹಿಂಬದಿಗೆ ಆರು, ಕುತ್ತಿಗೆಗೆ ನಾಲ್ಕು, ಭುಜದ ಸ್ನಾಯುವಿಗೆ ಆರು. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಅರಿವಳಿಕೆ ಬೇಕಿಲ್ಲ. 100 ಯೂನಿಟ್‌ನ ಬಾಟಲಿಯಾದರೆ ಎರಡು ಬೇಕು. ನಿಮ್ಮ ಕಣ್ಣೆದುರೇ ತೆರೆದು, ಎಷ್ಟು ಯೂನಿಟ್, ಎಷ್ಟು ಜಾಗ ಎಂದು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಖರ್ಚು ಉಳಿಸಲು 100 ಯೂನಿಟ್‌ಗೇ ನಿಲ್ಲಿಸಿದರೆ ಫಲ ಸಿಗದಿದ್ದಾಗ ಔಷಧದ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. 12 ವಾರಕ್ಕೊಮ್ಮೆ ಮಾಡಿಸಬೇಕು, ಎರಡು ಮೂರು ಸುತ್ತು ಆಗದೆ ತೀರ್ಮಾನಕ್ಕೆ ಬರಬಾರದು. ರೆಪ್ಪೆ ಜೋತುಬೀಳುವುದು, ಕುತ್ತಿಗೆ ನಿಶ್ಶಕ್ತಿ ಕೆಲವರಿಗೆ ಆಗುತ್ತದೆ, ವಾರಗಳಲ್ಲಿ ಸರಿಹೋಗುತ್ತದೆ.

ಸಿಜಿಆರ್‌ಪಿ ಎಂಬುದು ಮೈಗ್ರೇನ್ ದಾಳಿಯಲ್ಲಿ ನರಗಳ ತುದಿಯಿಂದ ಸುರಿಯುವ ಒಂದು ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನ್ ತುಣುಕು. ಇದರ ಪಾತ್ರ ತೋರಿಸಿಕೊಟ್ಟ ನಾಲ್ವರು ವಿಜ್ಞಾನಿಗಳಿಗೆ ಮಿದುಳಿನ ಸಂಶೋಧನೆಗೆ ಕೊಡುವ ಬ್ರೇನ್ ಪ್ರೈಜ್ 2021ರಲ್ಲಿ ಸಂದಿತು. ಎರೆನುಮ್ಯಾಬ್ ಎಂಬ ಇಂಜೆಕ್ಷನ್ ಈ ಪೆಪ್ಟೈಡ್ ಕೂರುವ ಜಾಗವನ್ನೇ ಮುಚ್ಚುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದು ಭಾರತದಲ್ಲೂ ಸಿಗುತ್ತದೆ. ತಿಂಗಳಿಗೊಮ್ಮೆ 70 ಅಥವಾ 140 ಮಿಲಿಗ್ರಾಂ, ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು, ಚುಚ್ಚುವ ಅರ್ಧ ಗಂಟೆ ಮುಂಚೆ ಹೊರಗಿಡಬೇಕು. ಬೆಚ್ಚಗಿನ ನೀರಲ್ಲಿ ಅದ್ದಬಾರದು, ಅಲುಗಾಡಿಸಬಾರದು. ಮಂಪರಿಲ್ಲ, ತೂಕ ಏರುವುದಿಲ್ಲ, ಹಲವರಿಗೆ ಮೊದಲ ತಿಂಗಳಲ್ಲೇ ಫಲ ಕಾಣುತ್ತದೆ. ಮಲಬದ್ಧತೆ ಜೋರಾಗಬಹುದು, ಬಿಪಿ ಏರಬಹುದು, ಎರಡನ್ನೂ ಗಮನಿಸಬೇಕು. ದೇಹದಿಂದ ಪೂರ್ತಿ ಹೋಗಲು ಸುಮಾರು ಐದು ತಿಂಗಳು ಬೇಕಾದ್ದರಿಂದ ಮಗು ಬೇಕೆನ್ನುವವರು ಅಷ್ಟು ಮುಂಚೆ ನಿಲ್ಲಿಸಬೇಕು.

ಈ ವರ್ಗದ ಔಷಧಗಳನ್ನು ಮೊದಲ ಸಾಲಿನಲ್ಲೇ ಬಳಸಬಹುದು ಎಂದು ಅಮೆರಿಕನ್ ಹೆಡೇಕ್ ಸೊಸೈಟಿ 2024ರಲ್ಲಿ ಹೇಳಿತು. ಇಲ್ಲಿ ಕೈಯಿಂದಲೇ ಹಣ ಕೊಡಬೇಕಾದವರಿಗೆ ಆ ಮಾತು ದೂರದ್ದು. ನಮ್ಮ ಲೆಕ್ಕ ಹೀಗೆ: ಕುತ್ತಿಗೆ–ಭುಜದ ಬಿಗಿತ ಹೆಚ್ಚಿರುವವರು, ಈ ವಿಧಾನದಲ್ಲಿ ಪಳಗಿದ ನ್ಯೂರಾಲಜಿಸ್ಟ್ ಹತ್ತಿರದಲ್ಲೇ ಇರುವವರು ಬೊಟಾಕ್ಸ್ ಕಡೆಗೆ ಹೋಗಲಿ. ಊರು ದೂರ, ಮೂರು ತಿಂಗಳಿಗೊಮ್ಮೆ ಬಂದುಹೋಗಲು ಆಗದು ಎನ್ನುವವರಿಗೆ ಮನೆಯಲ್ಲೇ ಚುಚ್ಚಿಕೊಳ್ಳುವುದು ಅನುಕೂಲ. ಎರಡರಲ್ಲಿ ಯಾವುದಾದರೂ ಒಂದೇ ಸಲಕ್ಕೆ ಮಾತ್ರ ಹಣ ಹೊಂದುವುದಾದರೆ ಶುರುಮಾಡಬೇಡಿ. ಎರಡು ಸುತ್ತು ಬೊಟಾಕ್ಸ್ ಅಥವಾ ಮೂರು ತಿಂಗಳ ಇಂಜೆಕ್ಷನ್‌ಗೆ ಬೇಕಾದಷ್ಟು ಮೊದಲೇ ಕೂಡಿಟ್ಟುಕೊಳ್ಳಿ. ಅಲ್ಲಿಯವರೆಗೆ ಜನೌಷಧಿ ಕೇಂದ್ರದ ಪ್ರೊಪ್ರನೊಲಾಲ್ ಪೂರ್ಣ ಡೋಸ್‌ನಲ್ಲಿ ನಡೆಯಲಿ.

ದಾಳಿಯ ದಿನಕ್ಕೆ

ನೋವಿನ ಮಾತ್ರೆ ವಾರಕ್ಕೆ ಎರಡೇ ದಿನ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ನೋವು ಇನ್ನೂ ಶುರುವಿನಲ್ಲಿರುವಾಗಲೇ ನ್ಯಾಪ್ರಾಕ್ಸೆನ್ 500 ಮಿಲಿಗ್ರಾಂ, ಜೊತೆಗೆ ಡೊಂಪೆರಿಡೋನ್ 10. ದಾಳಿಯಲ್ಲಿ ಹೊಟ್ಟೆ ನಿಧಾನವಾಗುವುದರಿಂದ ತಡವಾಗಿ ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ, ಡೊಂಪೆರಿಡೋನ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಸರ್, ಕಿಡ್ನಿ ತೊಂದರೆ ಇದ್ದವರಿಗೆ ನ್ಯಾಪ್ರಾಕ್ಸೆನ್ ಬೇಡ. ಸಾಲದವರಿಗೆ ಸುಮಾಟ್ರಿಪ್ಟಾನ್ 50 ಅಥವಾ ರಿಜಾಟ್ರಿಪ್ಟಾನ್ 10. ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರು ರಿಜಾಟ್ರಿಪ್ಟಾನನ್ನು 5ಕ್ಕೆ ಇಳಿಸಬೇಕು, ಇಲ್ಲದಿದ್ದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹೃದ್ರೋಗ, ಹತೋಟಿಗೆ ಬಾರದ ಬಿಪಿ ಇದ್ದವರು ಟ್ರಿಪ್ಟಾನ್ ಮುಟ್ಟಬಾರದು. ಎರ್ಗೊಟಮಿನ್ ನುಂಗಿದ 24 ಗಂಟೆಯೊಳಗೆ ಟ್ರಿಪ್ಟಾನ್ ನುಂಗಬಾರದು, ಎರಡೂ ರಕ್ತನಾಳವನ್ನು ಹಿಂಡುತ್ತವೆ.

ತಲೆಸ್ನಾನದ ದಿನ ನೋವು ಬರುತ್ತದೆ ಎಂಬ ನಮ್ಮ ಹೆಂಗಸರ ದೂರು ಬರೀ ಭ್ರಮೆಯಲ್ಲ. ಮುಂಬೈಯ ಡಾ. ಕೆ. ರವಿಶಂಕರ್ 94 ರೋಗಿಗಳಲ್ಲಿ ಇದನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಉದ್ದ ಕೂದಲನ್ನು ಒದ್ದೆಯಾಗೇ ಗಂಟು ಹಾಕಬೇಡಿ, ಸ್ನಾನವನ್ನು ಉಪವಾಸದ ಬೆಳಗಿಗೆ ಜೋಡಿಸಬೇಡಿ. ಖಾಲಿ ಹೊಟ್ಟೆಯೂ ಒದ್ದೆ ತಲೆಯೂ ಸೇರಿದರೆ ದಾಳಿಯ ಸಾಧ್ಯತೆ ಹೆಚ್ಚಬಹುದು.

ಯೋಗದ ಬಗ್ಗೆ ದೆಹಲಿಯ ಏಮ್ಸ್ 114 ಜನರಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಬಂತು. ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರಲ್ಲಿ ದಾಳಿಗಳು ಸುಮಾರು ಅರ್ಧಕ್ಕಿಳಿದವು, ಬರೀ ಔಷಧದವರಲ್ಲಿ ಇಳಿಕೆ ನೂರಕ್ಕೆ 12. ಅವರೆಲ್ಲ ಆಗಾಗ ಬರುವ ಮೈಗ್ರೇನಿನವರು, ಕ್ರಾನಿಕ್ ಅಲ್ಲ, ಮತ್ತು ಯಾರೂ ಔಷಧ ಬಿಟ್ಟಿರಲಿಲ್ಲ. ಜೊತೆಗೆ ಮಾಡಿ, ಬದಲಿಗೆ ಬೇಡ. ಮೆಗ್ನೀಸಿಯಂ ದಿನಕ್ಕೆ 400 ಮಿಲಿಗ್ರಾಂ, ರೈಬೋಫ್ಲೇವಿನ್ 400 ಮಿಲಿಗ್ರಾಂ ಕೂಡ ಹೀಗೆಯೇ, ಬೇಧಿಯಾದರೆ ಮೆಗ್ನೀಸಿಯಂ ಕಡಿಮೆ ಮಾಡಿ.

ಫಲ ಕಂಡ ಮೇಲೆ ತಡೆ ಮಾತ್ರೆಯನ್ನು ಆರರಿಂದ ಹನ್ನೆರಡು ತಿಂಗಳು ಮುಂದುವರಿಸುತ್ತಾರೆ. ಆಮೇಲೂ ಒಂದೇ ಸಲಕ್ಕೆ ನಿಲ್ಲಿಸಬಾರದು. ಪ್ರೊಪ್ರನೊಲಾಲ್ ಥಟ್ಟನೆ ಬಿಟ್ಟರೆ ಎದೆಬಡಿತ, ಬಿಪಿ ಎರಡೂ ಜಿಗಿಯುತ್ತವೆ. ವೈದ್ಯರು ಹೇಳಿದಂತೆ ವಾರಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕ್ಯಾಲೆಂಡರ್ ಬರೆಯುವುದನ್ನು ಮಾತ್ರ ಬಿಡಬೇಡಿ. ತಿಂಗಳಿಗೆ 4 ದಿನಕ್ಕಿಳಿದಿದ್ದ ನೋವು ಇಳಿಸುವಾಗ ಮತ್ತೆ 8 ದಾಟಿದರೆ, 15 ಆಗುವವರೆಗೆ ಕಾಯದೆ ಹಿಂದಿನ ಮೆಟ್ಟಿಲಿನ ಡೋಸ್‌ಗೆ ಮರಳಿ, ಇನ್ನಾರು ತಿಂಗಳು ಅಲ್ಲೇ ನಿಲ್ಲಿ.